ಡಬ್ಬಿಯಕ್ಕ ಬಿಚ್ಚದ ಮುಚ್ಚಳ

ಬೀದಿದೀಪಗಳು ಇನ್ನೂ ಆರಿಲ್ಲ. ಓಣಿಯ ಬಾಯಲ್ಲಿ, ಬಾಗಿಲು ಹಾಕಿದ ಔಷಧಿ ಅಂಗಡಿಯ ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತ ಡಬ್ಬಿಯಕ್ಕ ಇದ್ದಿಲ ಒಲೆಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಾರೆ. ಕೆಂಡದೊಳಗೆ ಬೆಸುಗೆ ಕೋಲು ಕಾಯುತ್ತಿದೆ. ಅದು ಹದಕ್ಕೆ ಬಂತೋ ಇಲ್ಲವೋ ಎಂದು ಅವರು ನೋಡುವುದಿಲ್ಲ. ಕೆನ್ನೆಯ ಹತ್ತಿರ ತಂದು ಬಿಸಿ ಅಳೆಯುತ್ತಾರೆ. ಬಲಗಣ್ಣು ಹಿಂದೊಮ್ಮೆ ಬೆಸುಗೆಯ ಆಸಿಡ್ ಸಿಡಿದು ಹೋಯಿತು. ಎಡಗಣ್ಣಿಗೆ ಪೊರೆ ಬಂದಿದೆ. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂಬುದಷ್ಟೇ ಈಗ ತಿಳಿಯುತ್ತದೆ. ಉಳಿದದ್ದನ್ನೆಲ್ಲ ಬೆರಳುಗಳು ನೋಡಿಕೊಳ್ಳುತ್ತವೆ.

ಹೊಸ ವರ್ಷದ ಮೊದಲ ವಾರ ಅವರಿಗೆ ಸುಗ್ಗಿ. ಈ ವರ್ಷವಾದರೂ ನಾಲ್ಕು ಕಾಸು ಉಳಿಸಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡವರೆಲ್ಲ ಈ ಓಣಿಗೆ ಬರುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯನ್ನು ಅವರು ನಂಬುವುದಿಲ್ಲ, ಬೀಗದ ಕೈ ತಮ್ಮ ಹತ್ತಿರವೇ ಇರುತ್ತದಲ್ಲ. ಅಕ್ಕನ ಡಬ್ಬಿಗೆ ಬೀಗವೂ ಇಲ್ಲ, ಕೈಯೂ ಇಲ್ಲ. ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಬಡಿದು ಸುತ್ತಿ, ತಳ ಹಾಕಿ, ಮುಚ್ಚಳಕ್ಕೂ ಸುತ್ತ ಬೆಸುಗೆ ಎಳೆದುಬಿಟ್ಟರೆ ಉಳಿಯುವುದು ದುಡ್ಡು ಹಾಕುವ ಸೀಳೊಂದೇ. ಕೂದಲಿನ ಪಿನ್ನು ತೂರಿಸಿ ನೋಟು ಎಳೆಯುವ ಜಾಣರಿಗಾಗಿ ಅದರೊಳಗೂ ಒಂದು ತಗಡಿನ ನಾಲಗೆ ಇರುತ್ತದೆ.

ಯಾತಕ್ಕೆ ಉಳಿಸುತ್ತೀರಿ ಎಂದು ಕೇಳದೆ ಅಕ್ಕ ಕತ್ತರಿ ಮುಟ್ಟುವುದಿಲ್ಲ. ಅದು ಕುತೂಹಲವಲ್ಲ, ಅಳತೆ. ದೊಡ್ಡ ಡಬ್ಬಿ ಬೇಗ ತುಂಬುವುದಿಲ್ಲ, ಅಲ್ಲಾಡಿಸಿದಾಗಲೆಲ್ಲ ಖಾಲಿ ಸದ್ದು ಕೇಳಿ ಮನಸ್ಸು ಸೋಲುತ್ತದೆ ಎನ್ನುತ್ತಾರೆ. ಹೊಲಿಗೆ ಯಂತ್ರ ಕೊಳ್ಳಬೇಕೆನ್ನುವ ಹುಡುಗಿ ಆಸೆಯಷ್ಟೇ ದೊಡ್ಡದನ್ನು ಕೇಳಿದಳು. ಅಕ್ಕ ಚಿಕ್ಕವು ಎರಡು ಕೊಟ್ಟು, ಮೊದಲಿನದು ತುಂಬಿದ ಮೇಲೆ ಇನ್ನೊಂದನ್ನು ಶುರು ಮಾಡು ಎಂದರು. ಹಲ್ಲಿನ ಸೆಟ್ಟು ಕಟ್ಟಿಸಬೇಕೆಂದು ಬಂದ ಮುದಿ ಕಾವಲುಗಾರ, ಹಲ್ಲು ಬಂದ ದಿನ ಮೊದಲು ನಿನ್ನನ್ನೇ ಕಚ್ಚುತ್ತೇನೆ ಎಂದು ಹೇಳಿ ಹೋದ. ಸಿಗರೇಟು ಬಿಟ್ಟು ಆ ದುಡ್ಡು ಹಾಕುತ್ತೇನೆ ಎನ್ನುವ ಬಸ್ಸಿನ ಡ್ರೈವರ್ ಪ್ರತಿ ವರ್ಷ ಬರುತ್ತಾನೆ, ಎರಡನೇ ತಿಂಗಳಿಗೆ ಡಬ್ಬಿ ಒಡೆಯುತ್ತಾನೆ, ಆಮೇಲೆ ವರ್ಷ ಮುಗಿಯುವವರೆಗೂ ಈ ಓಣಿ ಬಿಟ್ಟು ಸುತ್ತುಬಳಸಿ ಓಡಾಡುತ್ತಾನೆ.

"ಯಾರು ಮುಖ ತಪ್ಪಿಸ್ಕೊಂಡು ಓಡಾಡ್ತಾರೋ ಅವರು ಒಡೆದಿದ್ದಾರೆ ಅಂತ ಲೆಕ್ಕ," ಎನ್ನುತ್ತಾರೆ ಅಕ್ಕ. "ನಾನು ಕೇಳಲ್ಲ. ಯಾರೂ ಚಟಕ್ಕೇ ಒಡೆಯಲ್ಲ. ಮಗೂಗೆ ಜ್ವರ ಬಂದಿರುತ್ತೆ, ಮನೆ ಮಾಲೀಕ ಬಾಡಿಗೆ ಕೇಳಿರ್ತಾನೆ. ಮುಂದಿನ ವರ್ಷ ಬಂದ್ರೆ ಹೊಸದು ಮಾಡಿಕೊಡ್ತೀನಿ, ಅಷ್ಟೇ."

ಒಂದು ಡಬ್ಬಿಗೆ ಎರಡು ಚಹಾ ಕುಡಿಯುವಷ್ಟು ಸಿಗುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಹದಿನೈದು ಹೋದರೆ ಹೆಚ್ಚು. ವರ್ಷದ ಉಳಿದ ಕಾಲವೆಲ್ಲ ಸೋರುವ ಬಕೆಟ್ಟು, ಹಿಡಿ ಕಿತ್ತ ಕೊಳದಪ್ಪಲೆಗಳ ಜೀವನ. ಗಂಡ ಹಾಸಿಗೆ ಹಿಡಿದಾಗ ಅಕ್ಕ ಅವರ ಸುತ್ತಿಗೆ ಕೈಗೆತ್ತಿಕೊಂಡರು. ಗಂಡ ಹೋದರು, ಸುತ್ತಿಗೆ ಉಳಿಯಿತು.

ಊರಿನವರಿಗೆಲ್ಲ ದುಡ್ಡು ಕಟ್ಟಿಹಾಕಿ ಕೊಡುವ ಅಕ್ಕನಿಗೆ ತಮ್ಮದನ್ನು ಕಟ್ಟಿಹಾಕಲು ಮಾತ್ರ ಆಗಲಿಲ್ಲ. ಕಾರಣ ಸರಳ. ಬೇರೆಯವರು ಡಬ್ಬಿ ಒಡೆದರೆ ತಗಡು ಹರಿಯುತ್ತದೆ, ಮನೆಮಂದಿಗೆಲ್ಲ ಗೊತ್ತಾಗುತ್ತದೆ, ನಾಚಿಕೆಯಾಗುತ್ತದೆ. ಅಕ್ಕ ಕಾದ ಕೋಲನ್ನು ಒಂದು ಸುತ್ತು ಆಡಿಸಿದರೆ ಮುಚ್ಚಳ ಹೂವಿನಂತೆ ಬಿಡುತ್ತದೆ, ಇನ್ನೊಂದು ಸುತ್ತಿಗೆ ಮೊದಲಿನ ಹಾಗೇ ಕೂರುತ್ತದೆ. ಗುರುತೇ ಉಳಿಯುವುದಿಲ್ಲ. ಕಣ್ಣಿಗೆಂದು ಇಟ್ಟ ದುಡ್ಡು ಒಂದು ವರ್ಷ ಗಂಡನ ಔಷಧಿಗೆ ಹೋಯಿತು, ಇನ್ನೊಂದು ವರ್ಷ ಮಗಳ ಹೆರಿಗೆಗೆ, ಮತ್ತೊಂದು ವರ್ಷ ಪಕ್ಕದ ಮನೆಯವಳ ಗಂಡನನ್ನು ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಬರಲು. ಪೊರೆ ಬಲಿಯುತ್ತಾ ಬಂತು.

ಎರಡು ಬೀದಿಯಾಚೆ ಅಕ್ಕನ ಮೈದುನನ ಅಂಗಡಿ ಇತ್ತು. ಅವರೂ ತಗಡಿನ ಕೆಲಸದವರೇ. ಅಣ್ಣ ತಮ್ಮ ಬೇರೆಯಾದಾಗ ನಾಲ್ಕು ಜನರೆದುರು, ನಮ್ಮತ್ತಿಗೆ ಡಬ್ಬಿ ಊರಿಗೆಲ್ಲ ಗಟ್ಟಿ, ಮನೆಗೆ ಮಾತ್ರ ಜರಡಿ ಎಂದುಬಿಟ್ಟಿದ್ದರು. ಆ ಮಾತು ಅಕ್ಕನ ಎದೆಗೆ ನೆಟ್ಟಿತ್ತು. ಗಂಡನ ಸಾವಿನ ದಿನ ಬಿಟ್ಟರೆ ಅವರ ಹೊಸ್ತಿಲು ಇವರು ತುಳಿದಿರಲಿಲ್ಲ, ಇವರ ಹೊಸ್ತಿಲು ಅವರು ತುಳಿದಿರಲಿಲ್ಲ.

ಕಳೆದ ಹೊಸ ವರ್ಷದ ಬೆಳಿಗ್ಗೆ ಅಕ್ಕ ಅಭಿಮಾನವನ್ನು ಮನೆಯಲ್ಲಿ ಬಿಟ್ಟು, ಮುಚ್ಚಳ ಕೂರಿಸದ ಡಬ್ಬಿಯೊಂದನ್ನು ಹಿಡಿದು ಆ ಅಂಗಡಿಗೆ ಹೋದರು.

"ಏನತ್ತಿಗೆ, ದಾರಿ ತಪ್ಪಿ ಬಂದ್ರಾ?"

"ದಾರಿ ಕಾಣಿಸ್ತಿಲ್ಲ ಅಂತಾನೇ ಬಂದಿದ್ದು ಕಣಪ್ಪ. ಈ ವರ್ಷ ಬಿಟ್ರೆ ಕಣ್ಣು ಕೈಗೆ ಸಿಗಲ್ಲ ಅಂದಿದ್ದಾರೆ ಡಾಕ್ಟರು. ಇದರ ಮುಚ್ಚಳ ನೀನು ಹಾಕು."

ಬೆಸುಗೆ ಎನ್ನುವುದು ಕೈಬರಹದ ಹಾಗೆ. ಒಬ್ಬರ ಗೆರೆ ಇನ್ನೊಬ್ಬರಿಗೆ ಬರುವುದಿಲ್ಲ. ಅಕ್ಕ ಬಿಚ್ಚಿ ಮತ್ತೆ ಮುಚ್ಚಿದರೆ ಮೈದುನನ ಹೆಬ್ಬೆರಳಿಗೆ ಒಂದೇ ಸವರಿಗೆ ತಿಳಿದುಹೋಗುತ್ತದೆ. ಅಂಥ ಅಂಕೆಯೊಂದು ಇರಲಿ ಎಂಬುದೇ ಅಕ್ಕನ ಉಪಾಯ. ಮೈದುನ ನಗಲಿಲ್ಲ, ಹಳೆಯ ಮಾತು ಎತ್ತಲಿಲ್ಲ. ನಿಧಾನವಾಗಿ ಸುತ್ತ ಬೆಸುಗೆ ಎಳೆದು, ಕೂಲಿ ಎಂದು ಇವರು ಕೊಟ್ಟ ನಾಣ್ಯವನ್ನು ಡಬ್ಬಿಯ ಸೀಳಿನಲ್ಲೇ ಹಾಕಿ ಕೊಟ್ಟರು. ಅಂದಿನಿಂದ ವಾರಕ್ಕೊಮ್ಮೆ ಡಬ್ಬಿ ನೋಡುವ ನೆಪದಲ್ಲಿ ಬಂದು, ಚಹಾ ಕುಡಿದು ಹೋಗುವುದು ರೂಢಿಯಾಯಿತು. ಮಾತು ಬಿಟ್ಟಿದ್ದ ಮನೆಗಳ ನಡುವೆ ಮತ್ತೆ ಪಾತ್ರೆ ಪಡಗ ಓಡಾಡಿದವು.

ವರ್ಷದ ನಡುವೆ ಮೈದುನ ರಕ್ತ ಕಾರಿಕೊಂಡು ಬಿದ್ದರು. ಆಸ್ಪತ್ರೆಯವರು ಆಪರೇಷನ್ನಿಗೆ ಮುಂಗಡ ಕಟ್ಟಿ ಎಂದರು. ಅಂಗಡಿಯ ಸಾಮಾನು ಮಾರಿದರೂ ಅರ್ಧಕ್ಕೆ ಸಾಲದು. ಅಕ್ಕ ಡಬ್ಬಿಯನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಹೋಗಿ ಹಾಸಿಗೆಯ ಮೇಲಿಟ್ಟು, ನೀನೇ ಮುಚ್ಚಿದ್ದು, ನೀನೇ ಬಿಚ್ಚಿಸು ಎಂದರು. ಮೈದುನ ಮುಚ್ಚಳದ ಅಂಚನ್ನು ಹೆಬ್ಬೆರಳಿಂದ ಒಂದು ಸುತ್ತು ಸವರಿ ಪಕ್ಕಕ್ಕೆ ಸರಿಸಿದರು.

"ಬೇಡ ಅತ್ತಿಗೆ. ಇದೊಂದಾದ್ರೂ ತುಂಬಲಿ."

ಅವರು ಆ ವಾರ ದಾಟಲಿಲ್ಲ. ದುಡ್ಡು ಕಟ್ಟಿದ್ದರೂ ಆಗುತ್ತಿರಲಿಲ್ಲ, ತಡವಾಗಿತ್ತು ಎಂದು ಡಾಕ್ಟರು ಹೇಳಿದರಂತೆ. ಇದನ್ನು ಹೇಳುವಾಗ ಅಕ್ಕನ ಕೈ ಕೆಲಸ ನಿಲ್ಲಿಸುತ್ತದೆ.

"ಡಾಕ್ಟರು ಹೇಳಿದ್ದು ನಿಜಾನೇ ಇರಬಹುದು. ಆದ್ರೆ ಇಷ್ಟು ವರ್ಷ ಯಾರ್ಯಾರಿಗೋ ತೆಗೆದೆ. ತೆಗೀದೇ ಇದ್ದದ್ದು ಒಂದೇ ಸಲ. ಅದೂ ಅವನಿಗೆ."

ವರ್ಷ ತಿರುಗಿತು. ಡಬ್ಬಿ ತುಂಬಿ, ಅಲ್ಲಾಡಿಸಿದರೂ ಸದ್ದು ಬರದಷ್ಟು ಭಾರವಾಗಿದೆ. ಅಕ್ಕ ಅದನ್ನು ಗೂಡಿನಿಂದ ಇಳಿಸಲಿಲ್ಲ. ಕಣ್ಣಿನ ಆಸ್ಪತ್ರೆಯವರು ಕೊಟ್ಟ ಒಂದು ತಾರೀಕು ತಪ್ಪಿಹೋಯಿತು. ಮುಂದಿನದು ಇದೇ ವಾರ. ಅದೂ ತಪ್ಪಿದರೆ ಮತ್ತೆ ಹೆಸರು ಬರೆದುಕೊಳ್ಳುವುದಿಲ್ಲವಂತೆ. ಇವತ್ತು ಬೆಳಕು ಹರಿಯುವ ಹೊತ್ತಿಗೆ ಡಬ್ಬಿಯನ್ನು ಗೂಡಿನಿಂದ ಇಳಿಸಿ ಕಂಕುಳಲ್ಲಿಟ್ಟುಕೊಂಡು ಬಂದವರು ಓರಗಿತ್ತಿ, ಮೈದುನನ ಹೆಂಡತಿ. ಆರು ತಿಂಗಳಿಂದ ಅವರೂ ಇಲ್ಲೇ ಕೂತು ತಗಡು ಉಜ್ಜಿ ಕೊಡುತ್ತಾರೆ.

"ಅಕ್ಕ, ಇದನ್ನ ಅವರು ಪೂಜೆ ಮಾಡೋಕೆ ಮುಚ್ಚಿಕೊಡಲಿಲ್ಲ," ಎಂದರು ಓರಗಿತ್ತಿ. "ನಿಮ್ಮ ಕಣ್ಣೂ ಹೋದ್ರೆ ನನ್ನ ಕೈ ಹಿಡ್ಕೊಂಡು ನಡೀಬೇಕು. ನನಗೆ ಮೊದಲೇ ಮಂಡಿನೋವು."

ಅಕ್ಕ ನಕ್ಕರು, ಕಣ್ಣೊರೆಸಿಕೊಂಡರು. ಆಮೇಲೆ ಡಬ್ಬಿಯನ್ನು ತೆಗೆದುಕೊಂಡು, ನೋಟುಗಳಿಗೆ ಕಾವು ತಗುಲದಂತೆ ಕುಟ್ಟಿ ಮುಚ್ಚಳದ ಕಡೆಗೆ ಇಳಿಸಿ, ತಲೆಕೆಳಗು ಮಾಡಿ ಮೊಣಕಾಲುಗಳ ನಡುವೆ ನಿಲ್ಲಿಸಿದರು. ಮೇಲೆ ಬಂದದ್ದು ತಳ. ಮೈದುನನ ಬೆಸುಗೆ ಮುಚ್ಚಳಕ್ಕೆ ಮಾತ್ರ. ತಳ ಮೊದಲಿನಿಂದಲೂ ಅಕ್ಕನದೇ.

"ತಳ ನನ್ನದು ಅಂತ ಹೊಳೆದೇ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ," ಎಂದು ಅವರು ಕೋಲು ತಿರುಗಿಸುತ್ತಾ ಹೇಳುತ್ತಾರೆ. "ಅವನು ಆಸ್ಪತ್ರೆಲಿದ್ದಾಗ ಕೋಲು ಕಾಯೋಕೂ ಇಟ್ಟಿದ್ದೆ. ಬೇಡ ಅಂದಿದ್ನಲ್ಲ ಅಂತ ಕೂತೆ. ಕೂತಿದ್ದ ಹಾಗೇ ಕೆಂಡ ಆರಿಹೋಯ್ತು. ಅವನ ಮಾತು ಉಳಿಸಿದ್ನೋ, ನನ್ನ ಕಣ್ಣು ಉಳಿಸ್ಕೊಂಡ್ನೋ, ಇವತ್ತಿಗೂ ತಿಳೀತಿಲ್ಲ."

ಓರಗಿತ್ತಿ ಒಲೆಗೆ ಗಾಳಿ ಹಾಕುತ್ತಾರೆ. ಬೆಸುಗೆಯ ತವರ ಕರಗಿ, ತಳ ಒಂದು ಕಡೆಯಿಂದ ಮೆಲ್ಲಗೆ ಏಳುತ್ತದೆ. ಬಟ್ಟೆಯ ಮೇಲೆ ಸುರಿದುಕೊಂಡ ನೋಟು ನಾಣ್ಯಗಳನ್ನು ಇಬ್ಬರೂ ಸೇರಿ ಎಣಿಸುತ್ತಾರೆ, ಓರಗಿತ್ತಿ ಕಣ್ಣಿಂದ, ಅಕ್ಕ ಬೆರಳಿಂದ. ಒಂದು ಕಣ್ಣಿಗೆ ಸಾಕಾಗುವಷ್ಟಿದೆ.

ಖಾಲಿ ಡಬ್ಬಿ ಬೇಕೆಂದು ಕೇಳಿದ ಗಿರಾಕಿಯೊಬ್ಬನಿಗೆ ಅಕ್ಕ ಕೊಡುವುದಿಲ್ಲ. ಮುಚ್ಚಳ ಇನ್ನೂ ಹಾಗೇ ಇದೆ, ಬಿಚ್ಚಿಲ್ಲ. ಕಣ್ಣಿನ ಪಟ್ಟಿ ತೆಗೆದ ದಿನ ಏನು ನೋಡುವ ಆಸೆ ಎಂದು ಕೇಳಿದರೆ ಮಗಳನ್ನಲ್ಲ, ಮೊಮ್ಮಗುವನ್ನಲ್ಲ, ಆ ಅಂಚನ್ನೇ ಬೆರಳಿಂದ ತೋರಿಸುತ್ತಾರೆ.

"ಅವನು ಬೆಸುಗೆ ಹಾಕಿದಾಗಲೇ ನನಗೆ ಮಂಜು ಮಂಜು. ಬೆರಳಿಗೆ ಗೊತ್ತು, ಕಣ್ಣು ಇನ್ನೂ ನೋಡಿಲ್ಲ. ಎಲ್ಲಾದ್ರೂ ಸೊಟ್ಟಗಿದ್ರೆ ಇವಳೆದುರಿಗೇ ಅವನನ್ನ ಬೈತೀನಿ."