ಎಡೆಗೆ ಇಟ್ಟ ಗುಳಿಗೆ

ಮಧ್ಯಾಹ್ನ ಊಟವಾದ ಸ್ವಲ್ಪ ಹೊತ್ತಿಗೆ ಕಾಶಮ್ಮತ್ತೆಯ ಮುಖ ಕೆಂಪಾಗುತ್ತಿತ್ತು. ಬಸವಕಲ್ಯಾಣದ ಪೇಟೆಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ಹುಬ್ಬು, ಕೆನ್ನೆ, ಸೆರಗು ಎಲ್ಲದರ ಮೇಲೂ ಜೋಳದ ಹಿಟ್ಟು. ಆ ಬಿಳುಪಿನ ಅಡಿಯಲ್ಲಿ ಕೆಂಪು ಕುತ್ತಿಗೆಯಿಂದ ಏರಿ ಕಿವಿಗೆ ಮುಟ್ಟುತ್ತಿತ್ತು. ಡಬ್ಬಿ ಹಿಡಿದು ನಿಂತ ಹೆಂಗಸರು ಹಿಂದೆ ಸರಿಯುತ್ತಿದ್ದರು.

“ಅಮ್ಮಾರಿಗೆ ಸಿಟ್ಟ ಬಂದದ. ಸುಮ್ಮ ನಿಂದರ್ರಿ.”

“ಸಿಟ್ಟಲ್ಲವ್ವಾ, ಗುಳಿಗಿ,” ಎನ್ನುತ್ತಿದ್ದಳು ಅತ್ತೆ. “ಆದ್ರೂ ಮಾರಿ ಕೆಂಪಾಗೇದಂದ್ರ ಸುಮ್ಮ ಯಾಕ ಬಿಡ್ಲಿ?” ಪಾಳಿ ಮುರಿದವರನ್ನೆಲ್ಲ ಅದೇ ಹೊತ್ತಿನಲ್ಲಿ ಬೈದು ಮುಗಿಸುತ್ತಿದ್ದಳು.

ಗುಳಿಗೆ ನುಂಗಿದ ಮೇಲೆ ಏರುವ ಈ ಕೆಂಪು ಬರಬರುತ್ತಾ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅವಳಿಗೆ ಆಗಲಿಲ್ಲ. ಅಥವಾ ನನ್ನ ನೆನಪಿನಲ್ಲಿ ಆಗಲಿಲ್ಲ.

ಕಾಶಮ್ಮ ನನ್ನ ಅಪ್ಪನ ಅಕ್ಕ. ಅವರ ತಂದೆ ಹರೆಯದಲ್ಲೇ ಎದೆ ಹಿಡಿದುಕೊಂಡು ಹೋದವರು. ಅಪ್ಪ, ಕನ್ನಡ ರಾಜ್ಯ ಒಂದಾದ ವರ್ಷ, ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದ. ಕೈಯಲ್ಲಿ ಬಾಳೆಹಣ್ಣು ಇತ್ತು ಎಂದು ನನಗೆ ಸ್ಪಷ್ಟ ನೆನಪಿದೆ. ನಾನು ಅಲ್ಲಿರಲೇ ಇಲ್ಲ.

ಕೊನೆಯ ಸ್ನಾನ ಮಾಡಿಸುವಾಗ ಅತ್ತೆ ತಮ್ಮನ ಕಾಲು ತೊಳೆದಳು. ಹಿಮ್ಮಡಿಯ ಮೇಲಿನ ನರದಲ್ಲಿ ಗಟ್ಟಿ ಗಂಟೊಂದು ಬೆರಳಿಗೆ ಸಿಕ್ಕಿತು. ಅವಳ ಕಾಲಲ್ಲೂ ಅಂಥದೇ ಇತ್ತು. ಎಷ್ಟೋ ವರ್ಷದ ಮೇಲೆ ಅವಳಿಗೂ ಎದೆ ಬಿಗಿದಾಗ, ಹೈದರಾಬಾದಿನ ಡಾಕ್ಟರೊಬ್ಬರು ಆ ಗಂಟನ್ನೂ ಕಣ್ಣಿನ ಮೂಲೆಯ ಹಳದಿ ಕಲೆಯನ್ನೂ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಎಂದರು.

“ಅಂಡಾ, ಗೋಷ್ತ್ ಬಂದ್ ಮಾಡ್ರಿ.”

“ತತ್ತಿ, ಮಾಂಸ ನಾವು ಮುಟ್ಟೂದೇ ಇಲ್ಲರಿ.”

“ಹಂಗಾದ್ರ ಇದು ನಿಮ್ಮ ಅಪ್ಪಂದು. ರಕ್ತದಾಗ ಬಂದದ. ತುಪ್ಪ, ಬೆಣ್ಣಿ ಬಿಡ್ರಿ. ಗುಳಿಗಿ ಜೀವ ಇರೂತನಕ ತಗೋಬೇಕು.”

“ನೋಡ್ರಿ ನಮ್ಮಪ್ಪ! ಹೊಲದಾಗ ಹೆಣ್ಮಗಳಿಗೆ ಪಾಲು ಕೊಡ್ಲಿಲ್ಲ, ಇದ್ರಾಗ ಸಮಪಾಲು ಕೊಟ್ಟಾನ.”

ಡಾಕ್ಟರು ನಕ್ಕರಂತೆ. ಇದನ್ನು ಹೇಳುವಾಗ ಅತ್ತೆ ನಕ್ಕದ್ದು ನಾನು ಕಾಣೆ.

ಅಪ್ಪನ ತಿಥಿಯ ದಿನ ಅವನಿಗೆ ಇಷ್ಟವಾದದ್ದನ್ನು ಫೋಟೋದ ಮುಂದೆ ಎಡೆ ಇಟ್ಟು, ಆಮೇಲೆ ಮನೆಯವರು ಅದನ್ನೇ ಉಣ್ಣಬೇಕು. ಹೋಳಿಗೆ, ಮೇಲೆ ಹರಿದಾಡುವಷ್ಟು ತುಪ್ಪ. ಗುಳಿಗೆ ಶುರುವಾದ ವರ್ಷ ಅತ್ತೆ ತನ್ನ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದಳು. ಬಡಿಸುತ್ತಿದ್ದ ಆಯಿ, ಅಂದರೆ ನನ್ನ ಅಜ್ಜಿ, ತುಪ್ಪದ ಗಿಂಡಿ ಹಿಡಿದು ನಿಂತುಬಿಟ್ಟಳು.

“ತಮ್ಮನ ಎಡಿ ಒಲ್ಲೆ ಅಂತೀಯೇನ ಕಾಶಿ? ನಿನಗ ಜೀವಾ ಅಷ್ಟು ಸಿಹಿ ಆತೇನ?”

ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಒಂದು ಬಿಳಿ ಗುಳಿಗೆ ತೆಗೆದು ಎಡೆಯ ಹೋಳಿಗೆಯ ಪಕ್ಕ ಇಟ್ಟಳು.

“ಹೋಳಿಗಿ, ತುಪ್ಪ ಎಲ್ಲಾರೂ ಕೊಟ್ರಿ ಅವಂಗ. ಇದನ್ನ ಯಾರೂ ಕೊಡ್ಲಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಎತ್ತಿ ನುಂಗಿ ನೀರು ಕುಡಿದಳು. ಯಾರೂ ಉಣ್ಣಲಿಲ್ಲ. ಅವಳ ಮುಖ ಕೆಂಪಾಗುವುದನ್ನೇ ನೋಡುತ್ತ ಕೂತೆವು. ಅಂದಿನಿಂದ ದಿನಾಲು ಗುಳಿಗೆ ಮೊದಲು ತಮ್ಮನಿಗೆ, ಆಮೇಲೆ ಅವಳಿಗೆ.

ಅಪ್ಪ ಫೋಟೋದಿಂದ ಗುಳಿಗೆಯನ್ನು ನೋಡುತ್ತಿದ್ದ ಚಿತ್ರ ನನ್ನಲ್ಲಿ ಅಚ್ಚೊತ್ತಿದೆ. ಅವ್ವನನ್ನು ಕೇಳಿದರೆ, ಆ ಕಾಲಕ್ಕೆ ಫೋಟೋ ಎಲ್ಲಿತ್ತು, ಒಂದು ತಂಬಿಗೆ ಇಡುತ್ತಿದ್ದೆವು ಎನ್ನುತ್ತಾಳೆ. ಹಾಗಾದರೆ ನಾನು ಕಂಡ ಕಣ್ಣು ಯಾರವು?

ಅತ್ತೆಯ ಇನ್ನೊಂದು ರೂಢಿ ನನಗೆ ಮುಜುಗರ ತರುತ್ತಿತ್ತು. ಹುಮನಾಬಾದಿನಿಂದ ಬಂದು ಅವಳ ಕಾಲು ಮುಟ್ಟಲು ಬಗ್ಗಿದರೆ, “ತಡಿ,” ಎಂದು ತಾನೇ ಕುಕ್ಕರಗಾಲಲ್ಲಿ ಕೂತು ನನ್ನ ಹಿಮ್ಮಡಿ ಹಿಚುಕುತ್ತಿದ್ದಳು. ಒಂದು ಸಲ ಬೆರಳು ಅಲ್ಲೇ ನಿಂತಿತು. ಮರುವಾರ ಹೈದರಾಬಾದಿನ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು.

“ಎಲ್ಲೀತನಕ ತಗೋಬೇಕು ಅತ್ತಿ?” ಎಂದೆ, ಬರುವಾಗ, ನನ್ನ ಗುಳಿಗೆಯ ಚೀಟಿ ಹಿಡಿದು.

“ಊಟ ಎಲ್ಲೀತನಕ ಮಾಡ್ತೀ? ಅಲ್ಲೀತನಕ.”

ಗುಳಿಗೆ ಅವಳನ್ನು ಉಳಿಸಿತು ಎಂದು ಬರೆದರೆ ಬರಹಕ್ಕೆ ಒಪ್ಪ ಬರುತ್ತದೆ. ಎಷ್ಟು ಉಳಿಸಿತೆಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಅಪ್ಪ ಸತ್ತ ವಯಸ್ಸನ್ನು ಅವಳು ಎಂದೋ ದಾಟಿದ್ದಳು. ಆದರೂ ಕೊನೆಗೆ ಸೋತದ್ದು ಎದೆಯೇ.

ಕೊನೆಯ ಸಲ ಕಂಡಾಗ ಗಿರಣಿಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲಿದ್ದಳು. ಮುಖದ ಮೇಲೆ ಹಿಟ್ಟಿಲ್ಲದೆ ಬೇರೆ ಯಾರೋ ಅನ್ನಿಸಿತು.

“ಕಾಲ ಇಲ್ಲಿ ಇಡು.”

“ಹಿರ್ಯಾರ ಹಾಸಿಗಿ ಮ್ಯಾಲ ಹ್ಯಾಂಗ ಇಡ್ಲಿ ಅತ್ತಿ?”

“ಇಡೋ. ನನಗ ಬಗ್ಗಾಕ ಆಗವಲ್ದು.”

ತಣ್ಣಗಿನ ಬೆರಳು ಹಿಮ್ಮಡಿಯ ಮೇಲೆ ಬಹಳ ಹೊತ್ತು ಇತ್ತು.

“ಮಗಳ ಕಾಲ ನೋಡಿದಿ?”

“ಇಲ್ಲ. ಇನ್ನಾ ಸಣ್ಣಾಕಿ ಇದ್ದಾಳ.”

“ನೋಡು.”

ಆ ವಾರವೇ ಹೋದಳು. ನಾನು ನೋಡಿರಲಿಲ್ಲ. ಧೈರ್ಯ ಬಂದಿರಲಿಲ್ಲ.

ಮೊನ್ನೆ ಊಟವಾಗಿ ಕೂತಿದ್ದೆ. ಮಗಳು ನನ್ನ ತೊಡೆಯ ಮೇಲೆ ಕಾಲು ಚಾಚಿ ಓದುತ್ತಿದ್ದವಳು ತಲೆಯೆತ್ತಿದಳು.

“ಮಾರಿ ಕೆಂಪಾಗೇದ. ಸಿಟ್ಟ ಬಂದದೇನಪಾ?”

“ಸಿಟ್ಟಲ್ಲವ್ವಾ, ಗುಳಿಗಿ,” ಎಂದೆ. ದನಿ ನನ್ನದಾಗಿರಲಿಲ್ಲ. ಕೈ ಆಗಲೇ ಅವಳ ಹಿಮ್ಮಡಿಯ ಮೇಲಿತ್ತು. ಅವಳು ಕಚಗುಳಿಗೆ ನಕ್ಕು ಕಾಲು ಎಳೆದುಕೊಂಡಳು. ಮತ್ತೆ ಹಿಡಿದೆ.

“ಏನ ಹುಡಕಾಕತ್ತೀ?”

“ಏನಿಲ್ಲ,” ಎಂದೆ. ಕಾಲು ಬಿಡಲಿಲ್ಲ.