ಬಲಗಡೆಯ ದೀಪದ ಮುಂದೆ ನಿಂತವನು

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ದೆವ್ವದ ಮಾತೆತ್ತಿದವರನ್ನು ಅಂಗಡಿಯ ಕಟ್ಟೆಯಿಂದ ಎಬ್ಬಿಸಿ ಕಳಿಸುತ್ತಿದ್ದವನು. ಆದರೂ ಇದು ನಡೆದದ್ದು ನಿಜ... ನನ್ನ ಕಣ್ಣೆದುರೇ ನಡೆದದ್ದು, ನನ್ನ ಕೈಯಿಂದಲೇ ಆದದ್ದು. ನಂಬದವರು ನಂಬದೆ ಇರಲಿ, ನನಗೇನೂ ಬೇಸರವಿಲ್ಲ.

ಹುಮನಾಬಾದಿನ ಹೈವೇ ಬದಿಯಲ್ಲಿ ನನ್ನ ಅಂಗಡಿ. ಕೆಟ್ಟುಹೋದ ಹೆಡ್‌ಲೈಟ್ ಸರಿ ಮಾಡುವುದೊಂದೇ ನನ್ನ ಕೆಲಸ. ಕಂಪನಿಯವರು ಯಾವಾಗಲೋ ನಿಲ್ಲಿಸಿಬಿಟ್ಟ ಮಾಡೆಲ್ಲುಗಳಿಗೆ ಹೊಸ ದೀಪ ಎಲ್ಲಿಂದ ಬರಬೇಕು? ಕಲಬುರಗಿ, ಹೈದರಾಬಾದ್ ಎಲ್ಲ ಸುತ್ತಿ ಕೈಚೆಲ್ಲಿದವರು ಕೊನೆಗೆ ನನ್ನ ಹತ್ತಿರ ಬರುತ್ತಾರೆ. ಬಿಸಿಗಾಳಿ ಕೊಟ್ಟು ಅಂಟು ಮೆತ್ತಗೆ ಮಾಡಿ ದೀಪ ಬಿಚ್ಚುತ್ತೇನೆ, ಹಳದಿಗಟ್ಟಿದ ಮುಖವನ್ನು ವಾಟರ್ ಪೇಪರಿನಿಂದ ತಿಕ್ಕಿ ಬೆಳ್ಳಗೆ ಮಾಡುತ್ತೇನೆ, ಮುರಿದದ್ದನ್ನು ಪ್ಲಾಸ್ಟಿಕ್ ಕಾಯಿಸಿ ಕೂಡಿಸುತ್ತೇನೆ. ಈ ಭಾಗದಲ್ಲಿ ನನ್ನಷ್ಟು ಚೊಕ್ಕವಾಗಿ ಮಾಡುವವರು ಇಲ್ಲ. ಜಂಬ ಅಂದರೆ ಅನ್ನಿ.

ವಿದ್ಯೆ ಕಲಿಸಿದವರು ಬಸವಕಲ್ಯಾಣದ ಉಸ್ತಾದ್. ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ಮನುಷ್ಯನ ಜೀವ ತೆಗೆದ ಗಾಡಿ ಗುಜರಿಗೆ ಬಂದರೆ ಅದರ ಎಂಜಿನ್ ತೆಗೆದುಕೊಳ್ಳಬಹುದು, ಬಾಗಿಲು ತೆಗೆದುಕೊಳ್ಳಬಹುದು, ದೀಪ ಮಾತ್ರ ಮುಟ್ಟುವಂತಿಲ್ಲ. ಸುತ್ತಿಗೆಯಿಂದ ಅಲ್ಲೇ ಒಡೆದು ಬರಬೇಕು.

"ಕೊನೀಗೆ ಕಂಡದ್ದನ್ನ ದೀಪ ಬಿಡಂಗಿಲ್ಲ ಬೇಟಾ," ಅನ್ನುತ್ತಿದ್ದರು.

ಮುದುಕರ ಮಾತು ಎಂದು ಒಳಗೊಳಗೇ ನಗುತ್ತಿದ್ದೆ. ಆದರೂ ಒಡೆದೇ ಬರುತ್ತಿದ್ದೆ... ಒಂದು ಸಲದ ಹೊರತು.

ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರೊಂದು ರಾತ್ರಿ ಪಂಕ್ಚರಾಗಿ ನಿಂತಿತ್ತು. ಹಿಂದೆ ದೀಪವಿಲ್ಲದ ಟ್ರೇಲರ್. ಬರುವ ಗಾಡಿಗಳಿಗೆ ಕೈ ಎತ್ತಿ ತೋರಿಸಲು ಒಬ್ಬ ಆಳು ಅದರ ಹಿಂದೆ ನಿಂತಿದ್ದ. ಅವನಿಗೇ ಕಾರು ಗುದ್ದಿತು. ಅವನು ಉಳಿಯಲಿಲ್ಲ. ಆ ಕಾರು ಗುಜರಿಗೆ ಬಂದಾಗ ಎಡಗಡೆಯ ದೀಪ ಪುಡಿಪುಡಿ, ಬಲಗಡೆಯದಕ್ಕೆ ಒಂದು ಗೀರೂ ಇರಲಿಲ್ಲ. ಎಲ್ಲೂ ಸಿಗದ ಮಾಡೆಲ್. ಸುತ್ತಿಗೆ ಎತ್ತಿದ ಕೈ ಹಾಗೇ ಇಳಿಯಿತು. ದೀಪ ಬಿಚ್ಚಿ ತಂದು ಅಟ್ಟದ ಮೇಲಿಟ್ಟೆ.

ಮಂಠಾಳದ ಯೂಸುಫ್ ಅದೇ ಮಾಡೆಲ್ಲಿನ ಕಾರು ಬಾಡಿಗೆಗೆ ಓಡಿಸುತ್ತಾನೆ. ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಒಕ್ಕಣ್ಣಿನ ಗಾಡಿ ತಂದು ನಿಲ್ಲಿಸಿದ. ಎಮ್ಮೆ ಗುದ್ದಿ ಬಲಗಡೆಯ ದೀಪ ಹೋಗಿತ್ತು. ನೋಡಿದರೆ ಕೂಡಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

"ಹ್ಯಾಂಗರ ಮಾಡಿ ಇವತ್ತೇ ಕೊಡ್ರಿ ಮಿಸ್ತ್ರಿ," ಅಂದ. "ಮನ್ಯಾಗ ಆಕಿಗೆ ದಿನ ತುಂಬ್ಯಾವ. ಯಾವ ಹೊತ್ತಿಗೆ ಬ್ಯಾನಿ ಬರ್ತದೋ ಗೊತ್ತಿಲ್ಲ. ನಮ್ಮ ಓಣ್ಯಾಗ ಇರೋದು ಇದೊಂದೇ ಗಾಡಿ."

ನಾನು ಅಟ್ಟದ ಕಡೆ ನೋಡಿದೆ.

"ಒಂದು ಪೀಸ್ ಅದ. ಹೈದರಾಬಾದಿಂದ ತಂದದ್ದು," ಎಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ! ನಿಜ ಹೇಳಿದ್ದರೆ ಅವನು ಬೇಡ ಅನ್ನುತ್ತಿದ್ದ, ನನ್ನ ಕೈಯಲ್ಲಿ ಆಗಲಿಲ್ಲ ಎಂಬ ಮಾತು ಊರಲ್ಲಿ ಹಬ್ಬುತ್ತಿತ್ತು. ಅಷ್ಟೇ ಕಾರಣ.

ಬಿಚ್ಚಿ, ತೊಳೆದು, ತಿಕ್ಕಿ, ಅಂಟು ಹಾಕಿ ಕೂಡಿಸುವಷ್ಟರಲ್ಲಿ ಕತ್ತಲಾಯಿತು. ಆಗಲೇಬೇಕಿತ್ತು, ಬೆಳಕಿನ ಮಟ್ಟ ನೋಡುವುದು ಕತ್ತಲಲ್ಲೇ. ಅಂಗಡಿಯ ಹಿಂದೆ ಸುಣ್ಣ ಬಳಿದ ಗೋಡೆಯಿದೆ. ಅದರ ಎದುರು ಕಾರು ನಿಲ್ಲಿಸಿ, ಒಂದು ದೀಪಕ್ಕೆ ಗೋಣಿಚೀಲ ಹೊದಿಸಿ, ಇನ್ನೊಂದರ ಬೆಳಕು ಗೋಡೆಯ ಗೆರೆಗೆ ಬೀಳುವಂತೆ ತಿರುಪು ತಿರುಗಿಸಬೇಕು.

ಮೊದಲು ಎಡಗಡೆಯದು. ಗೋಡೆ ಸ್ವಚ್ಛವಾಗಿತ್ತು.

ಗೋಣಿ ಬದಲಿಸಿ ಬಲಗಡೆಯದನ್ನು ಹಾಕಿಸಿದೆ... ಗೋಡೆಯ ಮೇಲೆ ಒಬ್ಬ ಮನುಷ್ಯನ ನೆರಳು. ಒಂದು ಕೈ ಮೇಲೆತ್ತಿ ನಿಂತಿದ್ದ.

"ಏ, ಯಾರವ? ಸರಿ ಆ ಕಡಿ!" ಎಂದು ಗದರಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಯೂಸುಫ್ ಒಳಗೆ ಸ್ಟೀರಿಂಗ್ ಹಿಡಿದು ಮೊಬೈಲ್ ನೋಡುತ್ತಿದ್ದ.

ಗಾಜಿಗೆ ಏನೋ ಮೆತ್ತಿರಬೇಕು ಎಂದುಕೊಂಡೆ. ದೀಪ ಆರಿಸಲು ಹೇಳಿ ಬಟ್ಟೆಯಿಂದ ಒರೆಸಿದೆ, ಏನೂ ಇರಲಿಲ್ಲ. ಮತ್ತೆ ಹಾಕಿಸಿದೆ. ನೆರಳು ದೊಡ್ಡದಾಗಿತ್ತು... ತಲೆ ಗೋಡೆಯ ಅಂಚು ಮುಟ್ಟಿತ್ತು.

ಈ ಕಸುಬಿನವರಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೆರಳು ದೊಡ್ಡದಾದರೆ ಅಡ್ಡ ನಿಂತದ್ದು ದೀಪಕ್ಕೆ ಹತ್ತಿರ ಬಂದಿದೆ ಎಂದೇ ಅರ್ಥ.

ಮೂರನೇ ಸಲ ಗೋಡೆಯ ತುಂಬ ಬರೀ ಎದೆ ಮತ್ತು ಎತ್ತಿದ ಅಂಗೈ. ಕಮಟು ಕಬ್ಬಿನ ಹಾಲಿನ ವಾಸನೆ... ಅದರ ಜೊತೆ ಹಸಿ ರಕ್ತದ್ದು. ಬಾನೆಟ್ಟಿನ ಮೇಲೆ ಟಪ್... ಟಪ್... ಎಂದು ಅಂಗೈ ಬಡಿದ ಸದ್ದು.

"ಏನ್ ಬಡ್ಯಾಕತ್ತೀರಿ ಮಿಸ್ತ್ರಿ?" ಯೂಸುಫ್ ಒಳಗಿಂದ ಕೇಳಿದ. ನನ್ನೆರಡೂ ಕೈ ನನ್ನ ಸೊಂಟದ ಮೇಲಿದ್ದವು.

ಉಸ್ತಾದರಿಗೆ ಫೋನು ಹಚ್ಚಿದೆ. ಪಿಸುದನಿಯಲ್ಲಿ ಎಲ್ಲ ಹೇಳಿದೆ.

"ಒಡಿ," ಅಂದರು. "ಈಗಿಂದೀಗ ಒಡಿ. ಅದರ ಮುಂದ ಮಾತ್ರ ನಿಂದ್ರಬ್ಯಾಡ."

ಅಷ್ಟರಲ್ಲಿ ಯೂಸುಫನ ಮೊಬೈಲ್ ರಿಂಗಾಯಿತು. "ಬ್ಯಾನಿ ಸುರು ಆಗ್ಯಾವಂತ! ಬಾಜು ಸರೀರಿ ಮಿಸ್ತ್ರಿ, ಹೊಂಟೆ!" ಎಂದು ಗಾಡಿ ಚಾಲೂ ಮಾಡಿ, ಹಿಂದಕ್ಕೆ ತೆಗೆದು ರಸ್ತೆಯ ಕಡೆ ತಿರುಗಿಸಿದ.

ಏನು ಮಾಡಲಿ? ಮುಂದೆ ನಿಲ್ಲಬೇಡ ಎಂದು ಉಸ್ತಾದರು ಹೇಳಿದ್ದು ಮರೆತೇಹೋಯಿತು. ಓಡಿ ಹೋಗಿ ಕಾರಿನ ಮುಂದೆ ನಿಂತು, ಕೈ ಎತ್ತಿ "ನಿಂದ್ರು!" ಎಂದು ಕೂಗಿದೆ. ಮೊಣಕಾಲಿಗೆ ಬಂಪರ್ ತಾಗುವಷ್ಟರಲ್ಲಿ ಬ್ರೇಕ್ ಬಿತ್ತು. ಕುತ್ತಿಗೆಯ ಹಿಂದೆ ಯಾರದೋ ತಣ್ಣಗಿನ ಉಸಿರು... ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಜೇಬಿನಲ್ಲಿದ್ದ ಸ್ಪ್ಯಾನರ್ ತೆಗೆದು ದೀಪಕ್ಕೆ ಬಾರಿಸಿದೆ. ಎರಡು ಏಟಿಗೆ ಪುಡಿಯಾಯಿತು.

ಯೂಸುಫ್ ಇಳಿದು ಬಂದವನೇ ನನ್ನ ಕಾಲರ್ ಹಿಡಿದ. "ಹುಚ್ಚ ಹಿಡದದೇನ್ ನಿಂಗ? ಆಕಿ ಅಲ್ಲಿ ಒದ್ದಾಡಾಕತ್ತಾಳ, ನೀ ಇಲ್ಲಿ ದೀಪಾ ಒಡೀತಿ?"

ನಿಜ ಬಾಯಿಬಿಟ್ಟೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

"ಜೀವಾ ತೆಗದ ಗಾಡಿ ದೀಪಾ ತಂದು ನನ್ನ ಗಾಡಿಗೆ ಹಚ್ಚಿದ್ಯಾ? ಬಸುರಿ ಹೆಂಗಸು ಕೂಡೋ ಗಾಡಿಗೆ?" ಉಗುಳಿದ. "ಹತ್ತು. ನೀನೂ ಹತ್ತು. ಏನಾದರ ನಿನ್ನ ಕಣ್ಣ ಮುಂದನೇ ಆಗ್ಲಿ."

ಒಂದೇ ದೀಪದಲ್ಲಿ ಮಂಠಾಳಕ್ಕೆ ಹೋದೆವು. ನಾನು ಅವನ ಪಕ್ಕದ ಸೀಟಿನಲ್ಲಿದ್ದೆ. ಅವನ ಹೆಂಡತಿ ನಸೀಮಾಳನ್ನೂ ಅವಳ ತಾಯಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಸವಕಲ್ಯಾಣದ ದವಾಖಾನೆಗೆ ಹೊರಟೆವು. ಹಿಂದೆ ಅವಳು ನರಳುತ್ತಿದ್ದಳು. ಮುಂದೆ ಬಲಗಡೆ ರಸ್ತೆ ಪೂರ್ತಿ ಕತ್ತಲು. ನಾನು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ... ಯಾರೂ ಕಾಣಲಿಲ್ಲ. ದೇವರಾಣೆ, ಒಂದು ನಾಯಿಯೂ ಅಡ್ಡ ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ.

ನಸುಕಿಗೆ ಹೆರಿಗೆಯಾಯಿತು. ಯೂಸುಫ್ ಹೊರಗೆ ಬಂದು ನನ್ನಿಂದ ದೂರ ನಿಂತ.

"ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ."

ನನ್ನ ಕಣ್ಣಲ್ಲಿ ನೀರು ಬಂತು. ಕೈ ಜೋಡಿಸಿದೆ. ಅವನ ಮುಖ ಸಡಿಲಾಗಲಿಲ್ಲ.

"ಆಕಿಗೆ ದೀಪದ ಮಾತು ನಾ ಹೇಳಿಲ್ಲ," ಅಂದ. "ಖರೆ, ಕಣ್ಣು ಬಿಟ್ಟ ಕೂಡ್ಲೇ ಆಕಿ ಕೇಳಿದ್ದೊಂದೇ. ದಾರಿ ತುಂಬ ಗಾಡಿ ಮುಂದ ಕೈ ಎತ್ತಿ ಒಬ್ಬವ ನಿಂತಿದ್ನಲ್ಲ, ಯಾಕ ನಿಲ್ಲಿಸಲಿಲ್ಲ, ಅಂತ."

ಜೋಡಿಸಿದ ಕೈ ಇಳಿಸಿದೆ.

"ನಾ ಕೇಳಿದೆ, ಅವ ನನ್ನ ಕಡಿ ನೋಡಾಕತ್ತಿದ್ನೇನು ಅಂತ. ಇಲ್ಲ ಅಂದ್ಲು. ನಿಮ್ಮ ಬಾಜು ಕುಂತವನ್ನ ನೋಡಾಕತ್ತಿದ್ದ, ಅಂದ್ಲು."

ಅಷ್ಟು ಹೇಳಿ ಯೂಸುಫ್ ಒಳಗೆ ಹೋದ. ಒಡೆಯುವ ಮುನ್ನ ಆ ದೀಪ ಕೊನೆಗೆ ಕಂಡದ್ದು ಕೈ ಎತ್ತಿ ನಿಂತ ನನ್ನನ್ನೇ ಎಂದು ಆಗ ಹೊಳೆಯಿತು. ಅಂದಿನಿಂದ ಅವನು ನನ್ನ ಅಂಗಡಿಯ ಕಡೆ ತಲೆ ಹಾಕಿಲ್ಲ.

ಈಗ ನಾನು ಕತ್ತಲಾಗುವುದರೊಳಗೆ ಬಾಗಿಲು ಹಾಕುತ್ತೇನೆ. ಆದರೂ ಒಮ್ಮೊಮ್ಮೆ ಮನೆ ಸೇರುವುದು ತಡವಾಗುತ್ತದೆ. ಹಿಂದಿನಿಂದ ಬರುವ ಗಾಡಿಯ ಬೆಳಕು ಬೆನ್ನಿಗೆ ಬಿದ್ದಾಗ, ನನ್ನ ಮುಂದೆ ರಸ್ತೆಯ ಮೇಲೆ ಎಷ್ಟು ನೆರಳು ಬಿದ್ದಿವೆ ಎಂದು ಎಣಿಸಿಕೊಂಡೇ ಹೆಜ್ಜೆ ಇಡುತ್ತೇನೆ.

ನಿನ್ನೆಯೂ ಎಣಿಸಿದೆ. ಎಷ್ಟಿದ್ದವು ಎಂದು ಮಾತ್ರ ಕೇಳಬೇಡಿ.