ಮೇಸ್ತ್ರಿಯಾದ ಧರ್ಮೇಶ್

ಹೋದ ತಿಂಗಳು ಕಳಸದ ಹತ್ತಿರದ ಕಾಫಿ ತೋಟದಲ್ಲಿ ಮರದಿಂದ ಬಿದ್ದು ತೀರಿಕೊಂಡ ಧರ್ಮೇಶ್ ನನ್ನ ಬಾಲ್ಯದ ಗೆಳೆಯ. ಆಳುಗಳ ಸಾಲುಮನೆಗಳಿದ್ದ ಕೂಲಿ ಲೈನಿನಲ್ಲಿ ಅವನಷ್ಟು ಮೆದು ಮಾತಿನವನು ಇನ್ನೊಬ್ಬನಿರಲಿಲ್ಲ. ಆಳುಗಳಿಂದ ಕೆಲಸ ಮಾಡಿಸಲು ಅವನನ್ನು ಮೇಸ್ತ್ರಿ ಮಾಡಿದಾಗ ಹೆಂಗಸರೆಲ್ಲ ಖುಷಿಪಟ್ಟಿದ್ದರು.

ಕುಯ್ಲಿನ ಕಾಲದಲ್ಲಿ ಸಂಜೆ ತೂಕಕ್ಕೆ ಮೊದಲು ಚೀಲ ಸುರಿದು, ಹಣ್ಣಿನಲ್ಲಿ ಬೆರೆತ ಹಸಿರು ಕಾಯಿ ಆರಿಸಬೇಕು. ಮೊದಲ ವರ್ಷವೇ ಅವನು, ಅಲ್ಲೇ ಹಣ್ಣು ಕುಯ್ಯುತ್ತಿದ್ದ ತನ್ನ ತಾಯಿಯ ಚೀಲವನ್ನು ಒದ್ದು ಉರುಳಿಸಿದ.

"ಏಯ್ ಹುಚ್ಚಮ್ಮ, ಕಣ್ಣು ಕಾಣಲ್ವಾ? ಪೂರ್ತಿ ಆರ್ಸು!"

"ನಿನ್ನವ್ವ ಕಣೋ ಅದು," ಎಂದರು ಯಾರೋ.

"ತೋಟದಲ್ಲಿ ಅವ್ವ ಇಲ್ಲ, ಅಪ್ಪ ಇಲ್ಲ."

ಆಕೆ ಕೂತು ಆರಿಸಿದಳು. ಅಂದಿನಿಂದ ಮನೆಯಲ್ಲೂ "ಮೇಸ್ತ್ರಿಯವ್ರೇ, ಊಟಕ್ಕೇಳಿ" ಎನ್ನತೊಡಗಿದಳು. ಒಂದು ಸಲವಾದರೂ "ಮಗಾ" ಅನ್ನಿಸಿಕೊಳ್ಳಲು ಅವನು ಆಕೆಯ ಕಾಲಿಗೂ ಬಿದ್ದ.

ನಾನು ಓದಿದ್ದನ್ನು ಹೇಳಿ ಅವನನ್ನು ಸಮಾಧಾನಪಡಿಸಲು ನೋಡಿದೆ. ಒಂದು ಪ್ರಯೋಗದಲ್ಲಿ ಕೆಲವು ಕಾಲೇಜು ಹುಡುಗರನ್ನು ಕಾವಲುಗಾರರನ್ನಾಗಿ, ಕೆಲವರನ್ನು ಕೈದಿಗಳನ್ನಾಗಿ ಮಾಡಿದ್ದರು. ಕಾವಲಿಗಿದ್ದ ಸಾಧು ಹುಡುಗರಲ್ಲೇ ಕೆಲವರು ಕ್ರೂರಿಗಳಾಗಿ, ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು.

"ಅವ್ರದ್ದು ನಿಲ್ಸೋಕೆ ಯಾರೋ ಇದ್ರಲ್ಲ ಮಾರಾಯ," ಎಂದ. "ನಂಗೆ ಬೆಳಗಾದ್ರೆ ಮತ್ತೆ ಅದೇ ಬಾಯಿ ಬರುತ್ತೆ."

ಕೊನೆಗೆ ಮೇಸ್ತ್ರಿ ಕೆಲಸ ಬಿಟ್ಟು, ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೂಲಿಗೆ ಮರಳಿದ. ಆದರೂ ತಾಯಿ ಅವನನ್ನು ಕರೆಯುವ ರೀತಿ ಬದಲಾಗಲಿಲ್ಲ. ಹಾಗೆ ಕೊಂಬೆ ಕಡಿಯುವಾಗಲೇ ಅವನು ಬಿದ್ದ.

ಮಣ್ಣು ಮಾಡುವ ಮುಂಚೆ ಮುಖ ನೋಡಲು ಆಕೆಯನ್ನು ಕರೆದೆವು. ಆಕೆ ಅಳುತ್ತಲೇ ಇದ್ದಳು. ಆದರೆ ಹತ್ತಿರ ಬರಲಿಲ್ಲ. ಮೇಸ್ತ್ರಿ ಹಾದುಹೋಗುವಾಗ ಆಳುಗಳು ನಿಲ್ಲುವ ಹಾಗೆ, ಬದಿಗೆ ಸರಿದು ಕೈಕಟ್ಟಿ ನಿಂತಿದ್ದಳು.